ಮತ್ತೆ ಚರ್ಚಿಗೆ ಹೋಗುವಾಸೆಯೇ?

ರಿಜಿಸ್ಟರ್ ಮದುವೆಯಾಗಿ, ದೇವರನ್ನು ನಂಬದ ಸಂಗಾತಿಯೊಂದಿಗೆ ಬಾಳುತ್ತ ವರ್ಷಗಟ್ಟಲೆ ಚರ್ಚಿನಿಂದ ದೂರ ಉಳಿದಿದ್ದೀರಾ? ಅರಿಶಿನಕುಂಟೆಯ ಅಡೈಕಲ ಮಾತೆಯ ದೇವಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಪೂಜೆಯಲ್ಲಿ ಭಾಗವಹಿಸಲು ಯಾರ ಅಪ್ಪಣೆಯೂ ಬೇಡ. ಪಾಪನಿವೇದನೆ, ಪರಮಪ್ರಸಾದಗಳಿಗೆ ಮುಂಚೆ ಮಾತ್ರ ಮದುವೆಯ ವಿಷಯವನ್ನು ಗುರುಗಳ ಬಳಿ ಬಿಚ್ಚಿ ಹೇಳಿ. ಅದನ್ನು ಊರ್ಜಿತಗೊಳಿಸಲು ಕಥೋಲಿಕ ಧರ್ಮಸಭೆಯ 1983ರ ಕಾನೂನಿನಲ್ಲಿ ದಾರಿಯಿದೆ. ಸಂಗಾತಿ ಜ್ಞಾನಸ್ನಾನ ಪಡೆಯದವರಾದರೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕು. ಸಂಗಾತಿ ಮತಾಂತರ ಆಗಬೇಕಿಲ್ಲ. ವಿಶ್ವಾಸ ಉಳಿಸಿಕೊಳ್ಳುತ್ತೇನೆ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಎಂದು ಮಾತು ಕೊಡಬೇಕಾದವರು ನೀವು. ಅದು ಸಂಗಾತಿಗೂ ತಿಳಿದಿರಬೇಕು. ಮನಸ್ತಾಪ ಹುಟ್ಟುವುದು (ನನ್ನನ್ನು ಕೇಳಿದರೆ) ಇಲ್ಲೇ. ಹಾಗಾಗಿ ಗುರುಗಳಿಗಿಂತ ಮೊದಲು ಮನೆಯಲ್ಲಿ ಮಾತಾಡಿ. ಭಾನುವಾರ ಸಂಗಾತಿಯನ್ನೂ ಪೂಜೆಗೆ ಎಳೆದೊಯ್ಯಬೇಡಿ.