ಮುತ್ತು ಮಾತಾಡಲಿಲ್ಲ

ಮನೆಗೆ ಬಂದವರು ಪಂಜರದ ಮುಂದೆ ನಿಂತು ಮೊದಲು ಕೇಳುವುದೇ "ಮಾತಾಡುತ್ತಾ?" ಎಂದು. ಇಲ್ಲ ಅಂದರೆ ಅವರ ಉತ್ಸಾಹ ಅಲ್ಲಿಗೇ ಇಳಿದುಬಿಡುತ್ತದೆ. ಗಿಣಿ ಎಂದರೆ ಮಾತು, ಗಿಳಿಪಾಠ. ಮೈಸೂರಿನ ಮಾರುಕಟ್ಟೆ ಬೀದಿಯಲ್ಲಿ ಚೀಟಿ ಎತ್ತುತ್ತಿದ್ದ ಗಿಣಿಶಾಸ್ತ್ರದ ಹಕ್ಕಿಯನ್ನು ನೋಡುತ್ತಾ ಬೆಳೆದವಳು ನಾನು. ನನ್ನ ತಲೆಯಲ್ಲೂ ಇದ್ದದ್ದು ಅಷ್ಟೇ.

2018ರ ಬೇಸಿಗೆ. ಐದನೇ ಕ್ಲಾಸು ಮುಗಿಸಿದ್ದ ಮಗಳು ಗಿಣಿ ಬೇಕೆಂದು ಹಟ ಹಿಡಿದಳು. ನಮ್ಮತ್ತೆಯ ತವರಲ್ಲಿ ಜಗಲಿಯ ಪಂಜರದಲ್ಲಿ ಹಸಿರು ಗಿಣಿ ಇತ್ತಂತೆ, ಅಂಥದ್ದೇ ಬೇಕು ಎಂದಳು. ಅದು ಆಗದ ಮಾತು. ಕೊರಳಲ್ಲಿ ಗುಲಾಬಿ ಪಟ್ಟಿಯ ಗಿಣಿಯಿಂದ ಹಿಡಿದು ಪಶ್ಚಿಮ ಘಟ್ಟದ ನೀಲಿ ರೆಕ್ಕೆಯದರ ತನಕ ನಮ್ಮ ಕಾಡುಮೇಡಿನ ಗಿಣಿಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ಹಾಗಾಗಿ ಕಾಕಟೀಲ್ ತಂದೆವು, ಮುತ್ತು ಎಂದು ಹೆಸರಿಟ್ಟೆವು. ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಣಿ. ಮೈ ಬೂದು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು, ತಲೆಯ ಮೇಲೆ ಜುಟ್ಟು. ಕೊಕ್ಕಿನಿಂದ ಬಾಲದ ತುದಿಗೆ ಒಂದಡಿಯ ಆಸುಪಾಸು, ಅದರಲ್ಲಿ ಸುಮಾರು ಅರ್ಧ ಬಾಲವೇ.

ಅಂಗಡಿಯವರು ಮೂರು ಮಾತು ಹೇಳಿದರು. ಇದು ಗಂಡು. ಎರಡು ತಿಂಗಳಲ್ಲಿ ಮಾತು ಕಲಿಯುತ್ತದೆ. ಕಾಳು, ನೀರು ಇಟ್ಟರೆ ಸಾಕು. ಮೂರೂ ಸುಳ್ಳಾದವು.

ಬೂದು ಬಣ್ಣದ ಕಾಕಟೀಲ್ ಮರಿಗಳು ಗಂಡಾಗಲಿ ಹೆಣ್ಣಾಗಲಿ ನೋಡಲು ಒಂದೇ ಥರ. ಮೊದಲ ಸಲ ಗರಿ ಉದುರಿಸಿದ ಮೇಲೆ ಗಂಡಿನ ಮುಖ ಹಳದಿಗೆ ತಿರುಗುತ್ತದೆ, ಹೆಣ್ಣಿನ ಬಾಲದಡಿ ಪಟ್ಟೆಗಳು ಹಾಗೇ ಉಳಿಯುತ್ತವೆ. ಮುತ್ತುವಿನ ಮುಖ ಹಳದಿಯಾಗಲೇ ಇಲ್ಲ. ಸಿಳ್ಳೆ ಹಾಕುವುದು, ಒಂದೆರಡು ಪದ ಕಲಿಯುವುದು ಬಹುಮಟ್ಟಿಗೆ ಗಂಡುಗಳ ಕೆಲಸ. ಮಗಳು ದಿನಾ ಸಂಜೆ ಪಂಜರದ ಮುಂದೆ ಕೂತು "ಮುತ್ತು, ಊಟ ಆಯ್ತಾ?" ಎಂದು ನೂರು ಸಲ ಹೇಳಿಕೊಟ್ಟದ್ದು ಯಾವ ಫಲವನ್ನೂ ಕೊಡಲಿಲ್ಲ. ಮಾತು ಕೇಳುವ ಆಸೆಯೊಂದರಿಂದಲೇ ಗಿಣಿ ತರಲು ಹೊರಟವರಿಗೆ ನಾನು ಹೇಳುವುದು, ತರಬೇಡಿ ಎಂದು.

ಆಹಾರದ ವಿಷಯ ಹೆಚ್ಚು ಗಂಭೀರ. ಅಂಗಡಿಯ ಪೊಟ್ಟಣದಲ್ಲಿದ್ದದ್ದು ನವಣೆ, ಸೂರ್ಯಕಾಂತಿ ಬೀಜ. ಮುತ್ತು ಸೂರ್ಯಕಾಂತಿಯನ್ನೇ ಆರಿಸಿ ಆರಿಸಿ ತಿನ್ನುತ್ತಿದ್ದಳು. ಅದು ಬರೀ ಎಣ್ಣೆ. ಕಾಳನ್ನೇ ನಂಬಿದ ಹಕ್ಕಿಗೆ ಯಕೃತ್ತಿನಲ್ಲಿ ಕೊಬ್ಬು ಕೂರುತ್ತದೆ, ವಿಟಮಿನ್ ಎ ಕೊರತೆಯಾಗುತ್ತದೆ ಎಂದು ನನಗೆ ತಿಳಿದದ್ದು ವರ್ಷದ ಮೇಲೆ, ಹಕ್ಕಿಗಳನ್ನು ಬಲ್ಲ ವೈದ್ಯರೊಬ್ಬರನ್ನು ಬೆಂಗಳೂರಿಗೆ ಹೋಗಿ ಕಂಡಾಗ. ನಮ್ಮ ಬಡಾವಣೆಯ ಪಶುವೈದ್ಯರು ಹಸು, ನಾಯಿ ನೋಡುವವರು. ಹಕ್ಕಿ ತರುವ ಮೊದಲು ವೈದ್ಯರನ್ನು ಹುಡುಕಿಟ್ಟುಕೊಳ್ಳಬೇಕಿತ್ತು. ರುಚಿ ಬದಲಿಸಲು ಎರಡು ತಿಂಗಳು ಹಿಡಿಯಿತು. ಒಮ್ಮೆಗೇ ಕಾಳು ನಿಲ್ಲಿಸಿದರೆ ಹಕ್ಕಿ ಹಸಿದೇ ಸಾಯಬಹುದು. ಸ್ವಲ್ಪಸ್ವಲ್ಪ ಕಡಿಮೆ ಮಾಡುತ್ತಾ ಹೆಸರುಕಾಳಿನ ಮೊಳಕೆ, ಕ್ಯಾರೆಟ್ ತುರಿ, ಕೊತ್ತಂಬರಿ, ನುಗ್ಗೆಸೊಪ್ಪು ಸೇರಿಸುತ್ತಾ ಹೋದೆ. ಒದ್ದೆ ನುಗ್ಗೆಸೊಪ್ಪಿನ ಕಡ್ಡಿಯನ್ನು ಪಂಜರಕ್ಕೆ ಸಿಕ್ಕಿಸಿದರೆ ಅದರಲ್ಲಿ ಮೈ ಉಜ್ಜಿ ಮೊದಲು ಸ್ನಾನ, ಆಮೇಲೆ ಊಟ. ಬೆಣ್ಣೆಹಣ್ಣು, ಚಾಕೊಲೇಟ್ ಮಾತ್ರ ಅವಳ ಹತ್ತಿರಕ್ಕೂ ಸುಳಿಯುವುದಿಲ್ಲ. ಅವು ಹಕ್ಕಿಗೆ ವಿಷ.

ಅಡುಗೆಮನೆಯೂ ಬದಲಾಯಿತು. ಹಕ್ಕಿಯ ಶ್ವಾಸಕೋಶ ಉಸಿರೆಳೆದಾಗಲೂ ಬಿಟ್ಟಾಗಲೂ ಗಾಳಿಯಿಂದ ಆಮ್ಲಜನಕ ಹೀರುತ್ತದೆ. ಹಾರಾಟಕ್ಕೆ ಅದು ವರ, ಹೊಗೆಯಿರುವ ಮನೆಯಲ್ಲಿ ಶಾಪ. ನಾನ್‌ಸ್ಟಿಕ್ ಕಾವಲಿ ಅತಿಯಾಗಿ ಕಾದರೆ ಹೊರಡುವ ಆವಿ ನಮ್ಮ ಮೂಗಿಗೆ ತಿಳಿಯದಿರಬಹುದು, ಪುಟ್ಟ ಹಕ್ಕಿಯನ್ನು ಕೆಲವೇ ನಿಮಿಷದಲ್ಲಿ ಕೊಲ್ಲುತ್ತದೆ. ಇದು ತಿಳಿದ ದಿನವೇ ನಮ್ಮ ದೋಸೆ ತವಾ ಹೊರಗೆ ಹೋಯಿತು, ಅಟ್ಟದ ಮೇಲಿದ್ದ ಕಬ್ಬಿಣದ ಹೆಂಚು ಕೆಳಗೆ ಬಂತು. ಸೊಳ್ಳೆ ಬತ್ತಿ ನಿಂತಿತು. ಅತ್ತೆ ದೇವರ ಮನೆಯಲ್ಲಿ ಊದುಬತ್ತಿ ಬಿಟ್ಟು ತುಪ್ಪದ ದೀಪ ಮಾತ್ರ ಹಚ್ಚತೊಡಗಿದರು. ಅವರೂ ಒಂದು ಕಷ್ಟ ಸಹಿಸಿದರು. ಕಾಕಟೀಲ್‌ನ ಗರಿಯಿಂದ ಟಾಲ್ಕಂ ಪೌಡರಿನಂಥ ಬಿಳಿ ಪುಡಿ ಸದಾ ಉದುರುತ್ತದೆ. ಬೆಳಗ್ಗೆ ಒರೆಸಿದ ಟೀವಿಯ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ಅತ್ತೆಗೆ ಕೆಮ್ಮು ಶುರುವಾದ ಮೇಲೆ ಪಂಜರವನ್ನು ಜಾಲರಿ ಹಾಕಿದ ವರಾಂಡಕ್ಕೆ ಸಾಗಿಸಿದೆವು. ಮನೆಯಲ್ಲಿ ಯಾರಿಗಾದರೂ ಅಸ್ತಮಾ ಇದ್ದರೆ ಈ ಜಾತಿ ಬೇಡ.

2019ರ ದೀಪಾವಳಿಯ ರಾತ್ರಿಯನ್ನು ನಾನು ಮರೆಯಲಾರೆ. ಪಂಜರಕ್ಕೆ ಪೂರ್ತಿ ಬಟ್ಟೆ ಹೊದಿಸಿ ಮಲಗಿದ್ದೆವು. ಹನ್ನೊಂದು ಗಂಟೆಗೆ ಎದುರು ಮನೆಯ ಹತ್ತಿರ ದೊಡ್ಡ ಪಟಾಕಿ ಸಿಡಿಯಿತು. ಮರುಕ್ಷಣ ವರಾಂಡದಲ್ಲಿ ತಗಡು ಬಡಿದಂತೆ ಸದ್ದು. ಓಡಿ ಹೋಗಿ ದೀಪ ಹಾಕಿ ಬಟ್ಟೆ ತೆಗೆದರೆ ಮುತ್ತು ಪಂಜರದ ತಳದಲ್ಲಿ ರೆಕ್ಕೆ ಅಗಲಿಸಿಕೊಂಡು ಕೂತಿದ್ದಾಳೆ, ಕಾಗದದ ತುಂಬ ರಕ್ತದ ಚುಕ್ಕೆ. ಹೊಸದಾಗಿ ಬೆಳೆಯುವ ಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ. ಕತ್ತಲಲ್ಲಿ ದಿಕ್ಕು ತಿಳಿಯದೆ ಸರಳಿಗೆ ಬಡಿದು ಅಂಥ ಗರಿಯೊಂದು ಮುರಿದಿತ್ತು. ತೊಂಬತ್ತು ಗ್ರಾಂ ಹಕ್ಕಿಯ ಮೈಯಲ್ಲಿ ಇರುವುದೇ ಸುಮಾರು 9 ಮಿಲಿಲೀಟರ್ ರಕ್ತ, ಎರಡು ಟೀ ಚಮಚವೂ ಇಲ್ಲ. ಮಗಳು ಟವೆಲಿನಲ್ಲಿ ಹಿಡಿದುಕೊಂಡಳು. ನಾನು ಕಾರ್ನ್‌ಫ್ಲೋರ್ ತಂದು ಗರಿಯ ತುದಿಗೆ ಒತ್ತಿ ಹಿಡಿದೆ. ನನ್ನ ಬೆರಳ ಕೆಳಗೆ ಅವಳ ಎದೆ ಒಂದೇ ಸಮನೆ ಅದುರುತ್ತಿತ್ತು, ಬಡಿತ ಎಣಿಸಲಿಕ್ಕಾಗದಷ್ಟು ವೇಗ. ಐದಾರು ನಿಮಿಷಕ್ಕೆ ರಕ್ತ ನಿಂತಿತು. ಕಾಕಟೀಲ್‌ಗಳು ರಾತ್ರಿ ಹೀಗೆ ಬೆಚ್ಚಿಬೀಳುವುದು ಮಾಮೂಲು ಎಂದು ಆಮೇಲೆ ತಿಳಿಯಿತು. ಅಂದಿನಿಂದ ಪಂಜರದ ಪಕ್ಕ ಒಂದು ಸಣ್ಣ ದೀಪ ರಾತ್ರಿಯಿಡೀ ಉರಿಯುತ್ತದೆ. ದೀಪಾವಳಿಯ ಮೂರು ದಿನ ಮುತ್ತು ಒಳಕೋಣೆಯಲ್ಲಿ.

ಅದೇ ವರ್ಷದ ಡಿಸೆಂಬರಿನಲ್ಲಿ ಜೋಡಿಯಿಲ್ಲದೆಯೇ ಮೊಟ್ಟೆ ಇಟ್ಟಳು, ದಿನ ಬಿಟ್ಟು ದಿನ ಒಂದರಂತೆ ಐದು. ತೆಗೆದುಬಿಟ್ಟರೆ ಲೆಕ್ಕ ತುಂಬಿಸಲು ಮತ್ತೆ ಇಡುತ್ತಾಳೆ, ಮೈಯ ಸುಣ್ಣವೆಲ್ಲ ಖಾಲಿಯಾಗುತ್ತದೆ. ಕಟಲ್‌ಫಿಶ್ ಮೂಳೆ ಕಟ್ಟಿಕೊಟ್ಟು, ಅವಳಿಗೇ ಬೇಸರವಾಗುವ ತನಕ ಮೂರು ವಾರ ಕಾವು ಕೂರಲು ಬಿಟ್ಟೆವು. ಬೆನ್ನು ಸವರುವುದನ್ನೂ ಬಿಟ್ಟೆವು. ಹಕ್ಕಿಗೆ ಅದು ಕೂಡುವ ಕರೆ. ತಲೆ, ಕೆನ್ನೆ ಕೆರೆದರೆ ಸಾಕು.

ಮಾತು ಬಾರದ ಮುತ್ತು ಮೈಯಿಂದ ಹೇಳುವುದು ಬೇಕಾದಷ್ಟಿದೆ. ಜುಟ್ಟು ನೆಟ್ಟಗೆ ನಿಂತರೆ ಗಾಬರಿ. ತಲೆಗೆ ಒತ್ತಿಕೊಂಡು ಬುಸ್ಸೆಂದರೆ ಸಿಟ್ಟು, ಕೈ ಹಾಕಿದರೆ ಕಚ್ಚುತ್ತಾಳೆ. ಒಂದು ಕಾಲು ಗರಿಯೊಳಗೆ ಎಳೆದುಕೊಂಡು ಕೊಕ್ಕನ್ನು ಕಟಕಟ ಮಸೆದರೆ ನೆಮ್ಮದಿಯ ನಿದ್ದೆಗೆ ಸಿದ್ಧ. ನಾನು ಕೋಣೆಯಿಂದ ಮರೆಯಾದ ಕೂಡಲೇ ಕೂಗುತ್ತಾಳೆ, ಗುಂಪಿನ ಹಕ್ಕಿ, "ಎಲ್ಲಿದ್ದೀಯ?" ಎಂದು ಕೇಳುವುದು ಅವಳ ಸ್ವಭಾವ. ಅಡುಗೆಮನೆಯಿಂದಲೇ ಒಂದು ಸಿಳ್ಳೆ ಹಾಕಿದರೆ ಸುಮ್ಮನಾಗುತ್ತಾಳೆ. ಕಿರುಚಿದಾಗಲೆಲ್ಲ ಓಡಿ ಹೋಗಿದ್ದರೆ ಕಿರುಚುವುದನ್ನೇ ಕಲಿಸಿದಂತಾಗುತ್ತಿತ್ತು. ದಿನಕ್ಕೆ ಮೂರು ಗಂಟೆ ಹೊರಗೆ ಬಿಡುತ್ತೇನೆ. ಅಷ್ಟು ಹೊತ್ತು ಫ್ಯಾನ್ ಬಂದ್, ಕಿಟಕಿ ಬಂದ್, ಬೇಸಿಗೆಯಾದರೂ ಸರಿ.

ಒಂದನ್ನು ಮಾತ್ರ ಹಕ್ಕಿ ಹೇಳುವುದಿಲ್ಲ: ಕಾಯಿಲೆ. ಬೇಟೆಗೆ ಸಿಗುವ ಪ್ರಾಣಿ, ಸೋತದ್ದು ಕಂಡರೆ ಹದ್ದು ಮೊದಲು ಅದನ್ನೇ ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಹಕ್ಕಿ ಕೊನೆಯ ಗಳಿಗೆಯ ತನಕ ಚೆನ್ನಾಗಿರುವಂತೆಯೇ ಇರುತ್ತದೆ. ಅದಕ್ಕೇ ಅಡುಗೆಮನೆಯ ತಕ್ಕಡಿಯ ಮೇಲೆ ವಾರಕ್ಕೊಮ್ಮೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಕಳೆದ ವರ್ಷ ಮಗಳು ಓದಲು ಮಂಗಳೂರಿನ ಹಾಸ್ಟೆಲಿಗೆ ಹೋದಳು. ಮುತ್ತು ಎಂದಿನಂತೆ ಇದ್ದಾಳೆಂದೇ ನಾವು ತಿಳಿದಿದ್ದೆವು. ಸಂಜೆ ಐದಕ್ಕೆ ಗೇಟಿನ ಸದ್ದಾದರೆ ಜುಟ್ಟು ಎತ್ತಿ ಕೂಗುತ್ತಿದ್ದಳು, ಅಷ್ಟೇ. ತಕ್ಕಡಿ ಬೇರೆಯೇ ಹೇಳಿತು. ಮೊದಲ ವಾರ 92 ಗ್ರಾಂ, ಮುಂದಿನ ವಾರ 87, ಅದರ ಮುಂದಿನ ವಾರ 82. ಹತ್ತರಲ್ಲೊಂದು ಪಾಲು ಇಳಿದರೆ ಕಾಯಬಾರದು. ರಾತ್ರೋರಾತ್ರಿ ಬೆಂಗಳೂರಿಗೆ ಹೊರಟೆ. ಪರೀಕ್ಷೆಯಲ್ಲಿ ರೋಗ ಸಿಗಲಿಲ್ಲ. ಅವಳ ಗುಂಪು ಒಡೆದಿತ್ತು. ಆಮೇಲೆ ಸಂಜೆ ಐದರಿಂದ ಏಳು ನಾನೇ ಮಗಳ ಜಾಗದಲ್ಲಿ ಕೂರತೊಡಗಿದೆ. ತೂಕ ಮತ್ತೆ ತೊಂಬತ್ತು ಮುಟ್ಟಲು ಏಳು ವಾರ ಬೇಕಾಯಿತು.

ಚೆನ್ನಾಗಿ ನೋಡಿಕೊಂಡರೆ ಕಾಕಟೀಲ್ ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ಮಗು ಕೇಳಿತೆಂದು ತಂದರೆ ಆ ಮಗು ಓದಿಗೆ, ಕೆಲಸಕ್ಕೆ, ಮದುವೆಯಾಗಿ ಹೋದ ಮೇಲೂ ಹಕ್ಕಿ ನಿಮ್ಮದೇ. ಸಾಕಾಯಿತೆಂದು ಹಾರಿಬಿಡುವುದು ಕರುಣೆಯಲ್ಲ. ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿದ್ದು, ಹೊರಗೆ ಕಾಗೆಗೋ ಬೆಕ್ಕಿಗೋ ಬಲಿ. ಸನ್ ಕನ್ಯೂರ್, ಆಫ್ರಿಕನ್ ಗ್ರೇ ತರಹದ ವಿದೇಶಿ ಗಿಣಿಯಾದರೆ 2024ರ ನಿಯಮದಂತೆ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿಯೂ ಆಗಬೇಕು.

ಇನ್ನು ಹಸಿರು ಗಿಣಿಮರಿಗಳನ್ನು ಬುಟ್ಟಿಯಲ್ಲಿಟ್ಟು ಯಾರಾದರೂ ಮಾರಲು ತಂದರೆ ದಯವಿಟ್ಟು ಕೊಳ್ಳಬೇಡಿ, ಕನಿಕರದಿಂದಲೂ ಬೇಡ. ಒಂದನ್ನು ಕೊಂಡರೆ ಮುಂದಿನ ವರ್ಷ ಅವರು ಇನ್ನೊಂದು ಮರದ ಪೊಟರೆಗೆ ಕೈ ಹಾಕುತ್ತಾರೆ. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ.