ದನಗಳ ಬಾಯಿಯ ಸಣ್ಣ ಗಾಯಗಳು: ಅವುಗಳ ಪರೀಕ್ಷೆ ಮತ್ತು ಉಪಚಾರ

ಉಳುವ ಎತ್ತಿನ ಕಾಲಿಗೆ ಮುಳ್ಳು ಮುರಿದರೆ ಅದು ಕುಂಟುವುದರಿಂದ ಒಡೆಯನಿಗೆ ಆಗಲೇ ತಿಳಿಯುವುದು. ಬಾಯಿಯೊಳಗೆ ಮುಳ್ಳು ನಾಟಿದರೆ ಹಾಗಲ್ಲ. ಎರಡು ಮೂರು ದಿವಸ ಮೇವನ್ನು ಅರ್ಧಕ್ಕೆ ಬಿಟ್ಟು, ಪಕ್ಕೆ ಸೊರಗಿ, ನೊಗದ ಕೆಳಗೆ ನಿಧಾನವಾದ ಮೇಲೆಯೇ ರೈತನ ಗಮನವು ಅದರ ಕಡೆಗೆ ತಿರುಗುವುದು. ಅಷ್ಟರಲ್ಲಿ ಬಿತ್ತನೆಯ ಹದವು ತಪ್ಪಿಹೋಗಬಹುದು. ಹಸುವಾದರೆ ಹಾಲು ಇಳಿದುಹೋಗುವುದು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಬಾಯಿಯ ಹುಣ್ಣೆಂದು ಉದಾಸೀನ ಮಾಡಿದುದು ಕೆಲವು ವೇಳೆ ಊರಿಗೇ ಹರಡತಕ್ಕ ರೋಗವಾಗಿಯೂ, ಅಪರೂಪವಾಗಿ ಮನುಷ್ಯನ ಪ್ರಾಣಕ್ಕೆ ಎರವಾಗತಕ್ಕ ರೋಗವಾಗಿಯೂ ಇರಬಹುದು. ಆದುದರಿಂದ ಭೂಮಾಲಿಕರೂ ಗ್ರಾಮದ ಮುಖಂಡರೂ ಈ ವಿಷಯವನ್ನು ಸ್ವಲ್ಪಮಟ್ಟಿಗಾದರೂ ತಿಳಿದಿರುವುದು ಅವಶ್ಯಕ.

೧. ಬಾಯಿಯ ರಚನೆ.— ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಅಲ್ಲಿ ಗಟ್ಟಿಯಾದ ಒಸಡಿನ ಮೆತ್ತೆಯಿರುವುದು. ಬೆಳೆದ ದನಕ್ಕೆ ಕೆಳದವಡೆಯ ಮುಂದುಗಡೆ ೮ ಹಲ್ಲುಗಳೂ, ಹಿಂದುಗಡೆ ಮೇಲೂ ಕೆಳಗೂ ಸೇರಿ ೨೪ ದವಡೆಹಲ್ಲುಗಳೂ ಇರುವುವು. ದನವು ಮೇವನ್ನು ತುಟಿಯಿಂದ ಆರಿಸಿ ತಿನ್ನತಕ್ಕ ಪ್ರಾಣಿಯಲ್ಲ; ನಾಲಿಗೆಯನ್ನು ಚಾಚಿ, ಸುತ್ತಿ, ಸೆಳೆದುಕೊಳ್ಳುವುದು. ನಾಲಿಗೆಯ ಮೇಲಣ ಒರಟಾದ ಮೊನೆಗಳು ಗಂಟಲಿನ ಕಡೆಗೆ ಬಾಗಿರುವುದರಿಂದ, ಬಾಯಿಗೆ ಬಂದ ಮುಳ್ಳು ತಂತಿಗಳನ್ನು ಹೊರಕ್ಕೆ ಹಾಕುವುದು ಅದಕ್ಕೆ ಸುಲಭವಲ್ಲ.

೨. ಗಾಯಕ್ಕೆ ಕಾರಣಗಳು.— ಜಾಲಿಯ ಮುಳ್ಳು, ಜೋಳದ ಒಣಕೂಳೆ, ಬಿದಿರಿನ ಸಿಬಿರು, ಬೇಲಿಯ ತಂತಿಯ ತುಂಡು, ಸವೆದು ಚೂಪಾದ ದವಡೆಹಲ್ಲು, ಇವು ಸಾಮಾನ್ಯ ಕಾರಣಗಳು. ಔಷಧ ಕುಡಿಸುವ ಗೊಟ್ಟದ ಅಂಚನ್ನು ಉಜ್ಜಿ ನಯಮಾಡದಿದ್ದರೆ ಅದರಿಂದಲೂ ಗಾಯವಾಗುವುದುಂಟು. ಮೇವನ್ನು ಬಾಯಿಗೆ ತೆಗೆದುಕೊಂಡು ಮತ್ತೆ ಬೀಳಿಸುವುದು, ಒಂದೇ ಪಕ್ಕದಲ್ಲಿ ಅಗಿಯುವುದು, ಜೊಲ್ಲು ಸುರಿಸುವುದು, ಜೊಲ್ಲಿನಲ್ಲಿ ರಕ್ತದ ಎಳೆ ಕಾಣುವುದು, ಬಾಯಿ ನಾರುವುದು, ಇವು ಲಕ್ಷಣಗಳು.

೩. ಕೈಯಿಡುವ ಮೊದಲು.— ಇದು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಹುಚ್ಚುನಾಯಿ ಕಡಿದ ದನಕ್ಕೆ ಆ ರೋಗವು ಬಂದಾಗ ಗಂಟಲು ಹಿಡಿದು, ನುಂಗಲಾರದೆ ಜೊಲ್ಲು ಸುರಿಯುವುದು. ನೋಡುವವರಿಗೆ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತೆಯೇ ತೋರುವುದು. ಹಾಗೆಂದು ಬಗೆದು ಬಾಯಿಯೊಳಗೆ ಬರಿಗೈಯಿಕ್ಕಿದವನು ತನ್ನ ಪ್ರಾಣವನ್ನೇ ಪಣಕ್ಕೊಡ್ಡಿದಂತೆ. ಏಕೆಂದರೆ ರೋಗದ ವಿಷವು ಜೊಲ್ಲಿನಲ್ಲಿರುವುದು, ಮತ್ತು ಲಕ್ಷಣಗಳು ತೋರಿದ ಮೇಲೆ ಈ ರೋಗದಿಂದ ಬದುಕುವುದು ಇಲ್ಲವೆಂದೇ ಹೇಳಬೇಕು. ದನದ ಕೂಗು ಬದಲಾಗಿ ಒಡಕಾಗಿದ್ದರೆ, ಎಡೆಬಿಡದೆ ಕೂಗುತ್ತಿದ್ದರೆ, ಹಾಯಲು ಬರುತ್ತಿದ್ದರೆ, ಹಿಂಗಾಲು ತಡವರಿಸುತ್ತಿದ್ದರೆ, ಅಥವಾ ನಾಯಿ ಕಡಿದ ಸಂಶಯವಿದ್ದರೆ, ಅದನ್ನು ಬೇರೆಯಾಗಿ ಕಟ್ಟಿ ಪಶುವೈದ್ಯರನ್ನು ಕರೆಯಿಸತಕ್ಕದ್ದು, ಬಾಯಿಯನ್ನು ಮುಟ್ಟತಕ್ಕದ್ದಲ್ಲ. ಅಂತಹ ಜೊಲ್ಲು ಕೈಯ ಗಾಯಕ್ಕಾಗಲಿ, ಕಣ್ಣು ಬಾಯಿಗಳಿಗಾಗಲಿ ತಗುಲಿದ್ದರೆ, ಚರ್ಮವನ್ನು ಸೋಪಿನಿಂದಲೂ ಹರಿಯುವ ನೀರಿನಿಂದಲೂ ೧೫ ನಿಮಿಷ ತೊಳೆದು, ಕಣ್ಣು ಬಾಯಿಗಳನ್ನು ಬರಿಯ ನೀರಿನಿಂದ ಚೆನ್ನಾಗಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ವಿಷಯದಲ್ಲಿ ವೈದ್ಯರ ಸಲಹೆ ಪಡೆಯತಕ್ಕದ್ದು.

೪. ಪರೀಕ್ಷೆ.— ಮೇಲ್ಕಂಡ ಸಂಶಯವಿಲ್ಲದಿದ್ದಲ್ಲಿ ಒಬ್ಬನು ಮೂಗುದಾರವನ್ನೂ ಕೊಂಬನ್ನೂ ಹಿಡಿದಿರಲು, ಮತ್ತೊಬ್ಬನು ರಬ್ಬರಿನ ಕೈಗವಸು ತೊಟ್ಟು, ಮುಂಬಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಎಡೆಯಲ್ಲಿ ಕೈಯಿಟ್ಟು, ನಾಲಿಗೆಯನ್ನು ಮೆಲ್ಲನೆ ಪಕ್ಕಕ್ಕೆ ತಂದು ದೀಪದ ಬೆಳಕಿನಲ್ಲಿ ನೋಡತಕ್ಕದ್ದು. ಎಳೆದಾಡಕೂಡದು. ಕಾಣುವ ಮುಳ್ಳನ್ನು ಚಿಮಟದಿಂದ ನೇರವಾಗಿ ತೆಗೆಯಬಹುದು. ಗಂಟಲಿನ ಬಳಿ ನಾಟಿದುದನ್ನು ವೈದ್ಯರಿಗೆ ಬಿಡುವುದೇ ಲೇಸು.

ನಾಲಿಗೆ ಒಸಡುಗಳ ಮೇಲೆ ಒಂದೇ ಗಾಯಕ್ಕೆ ಬದಲಾಗಿ ಅನೇಕ ಬೊಕ್ಕೆಗಳು ಕಂಡರೆ ಗೊರಸಿನ ಸಂದನ್ನೂ ಕೆಚ್ಚಲನ್ನೂ ನೋಡಬೇಕು. ಅಲ್ಲಿಯೂ ಬೊಕ್ಕೆಗಳಿದ್ದು, ಜ್ವರವಿದ್ದು, ದನವು ಕುಂಟುತ್ತಿದ್ದರೆ ಅದು ಕಾಲುಬಾಯಿ ಜ್ವರವೆಂದು ತಿಳಿದು ನಡೆದುಕೊಳ್ಳತಕ್ಕದ್ದು.

೫. ಉಪಚಾರ.— ರಕ್ತ ಬರುತ್ತಿದ್ದರೆ ತಣ್ಣೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಬಳಿಕ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ೯ ಗ್ರಾಂ, ಅಂದರೆ ಸುಮಾರು ಒಂದೂವರೆ ಸಣ್ಣ ಚಮಚ, ಉಪ್ಪನ್ನು ಕರಗಿಸಿ, ದನದ ತಲೆಯನ್ನು ತಗ್ಗಿಸಿ, ಗಿಂಡಿಯಿಂದ ನೀರನ್ನು ಬಾಯಿಯ ಪಕ್ಕದಲ್ಲಿ ಹೊಯ್ದು ಹೊರಕ್ಕೆ ಹರಿಯುವಂತೆ ಮಾಡತಕ್ಕದ್ದು. ತಲೆಯೆತ್ತಿ ಹೊಯ್ದರೆ ನೀರು ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ದಿನಕ್ಕೆ ಎರಡು ಅಥವಾ ಮೂರಾವರ್ತಿ ಹೀಗೆ ತೊಳೆದರೆ ಸಾಕು. ಬಾಯಿಯ ಒಳಪೊರೆಗೆ ರಕ್ತಸಂಚಾರವು ಹೆಚ್ಚಾಗಿರುವುದರಿಂದ ಸಣ್ಣ ಗಾಯಗಳು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿವಸಗಳೊಳಗೆ ತಾವಾಗಿಯೇ ಮಾಯುವುವು.

ಗಾಯವನ್ನು ಕಲ್ಲುಪ್ಪಿನಿಂದ ಉಜ್ಜುವುದು, ಸುಣ್ಣ, ಸೀಮೆಎಣ್ಣೆ ಅಥವಾ ಹೊಗೆಸೊಪ್ಪು ಹಚ್ಚುವುದು, ಬರೆ ಹಾಕುವುದು, ಇವೆಲ್ಲ ಹೊಸ ಮಾಂಸವನ್ನು ಸುಟ್ಟು ಗಾಯವನ್ನು ದೊಡ್ಡದು ಮಾಡುವುವು. ಇವನ್ನು ಸಂಪೂರ್ಣವಾಗಿ ಬಿಡತಕ್ಕದ್ದು.

೬. ಆಹಾರ.— ಗಾಯವು ಮಾಯುವವರೆಗೆ ಎಳೆಯ ಹಸಿಹುಲ್ಲು, ನೆನೆಸಿದ ಬೂಸ, ಯಥೇಚ್ಛವಾಗಿ ಶುದ್ಧ ನೀರು ಇವನ್ನು ಕೊಡಬೇಕು. ದನ ತಿನ್ನಲಿಲ್ಲವೆಂಬ ಕನಿಕರದಿಂದ ರಾಗಿಯ ಗಂಜಿಯನ್ನು ಹೊಟ್ಟೆತುಂಬ ಹೊಯ್ಯುವ ವಾಡಿಕೆಯು ಅಪಾಯಕರ. ಅಭ್ಯಾಸವಿಲ್ಲದ ಹಿಟ್ಟು ಹೆಚ್ಚಾದರೆ ಹೊಟ್ಟೆಯು ಹುಳಿಯಾಗಿ ಗಾಯದಿಂದ ಸಾಯದ ದನವು ಗಂಜಿಯಿಂದ ಸಾಯುವುದುಂಟು.

೭. ವೈದ್ಯರನ್ನು ಕರೆಯಿಸಬೇಕಾದ ಸಂದರ್ಭಗಳು.— ದನವು ಒಂದು ಹಗಲು ಒಂದು ರಾತ್ರಿ ಪೂರ್ತಿಯಾಗಿ ಮೇವು ಬಿಟ್ಟರೆ, ಹೊಟ್ಟೆ ಉಬ್ಬರಿಸಿದರೆ, ದವಡೆ ಊದಿದರೆ, ಕೀವು ಬಂದರೆ, ನಾಲಿಗೆಯು ಸೀಳಿದ್ದರೆ, ವಿಳಂಬ ಮಾಡಬಾರದು. ಸಣ್ಣ ಗಾಯದ ದಾರಿಯಿಂದ ರೋಗಾಣುಗಳು ಹೊಕ್ಕು ನಾಲಿಗೆಯು ಕಟ್ಟಿಗೆಯಂತೆ ಗಟ್ಟಿಯಾಗುವ ಒಂದು ರೋಗವೂ ಉಂಟು; ಮೊದಲಲ್ಲೇ ಚಿಕಿತ್ಸೆಯಾದರೆ ಅದು ವಾಸಿಯಾಗುವುದು. ಕರ್ನಾಟಕದಲ್ಲಿ ೧೯೬೨ ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶುಚಿಕಿತ್ಸೆಯ ನೆರವನ್ನು ಕೋರಬಹುದು. ವೈದ್ಯರು ಔಷಧ ಕೊಟ್ಟ ಹಸುವಿನ ಹಾಲನ್ನು ಎಷ್ಟು ದಿವಸ ಮಾರಬಾರದೆಂಬುದನ್ನು ಅವರಿಂದಲೇ ಕೇಳಿ ತಿಳಿಯತಕ್ಕದ್ದು.

೮. ಮುಖಂಡರ ಕರ್ತವ್ಯ.— ಕಾಲುಬಾಯಿ ಜ್ವರದ ಸಂಶಯ ಬಂದೊಡನೆ ಆ ದನವನ್ನು ಬೇರೆ ಕಟ್ಟಿಸಿ, ಊರಿನ ಕೆರೆಯ ನೀರಿಗೂ ಸಂತೆ ಜಾತ್ರೆಗಳಿಗೂ ಹೋಗದಂತೆ ತಡೆದು, ಪಶುವೈದ್ಯ ಶಾಲೆಗೆ ಸುದ್ದಿ ಕಳುಹಿಸತಕ್ಕದ್ದು. ಗೋದಲಿಯನ್ನೂ ನೆಲವನ್ನೂ ಒಂದು ಲೀಟರು ನೀರಿಗೆ ೪೦ ಗ್ರಾಂ ಬಟ್ಟೆಸೋಡ ಬೆರೆಸಿ ತೊಳೆಯಿಸಬೇಕು. ಈ ರೋಗದ ನಿವಾರಣೆಗಾಗಿ ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ದನಗಳಿಗೆ ಉಚಿತವಾಗಿ ಲಸಿಕೆ ಹಾಕಲಾಗುತ್ತದೆ. ಒಂದು ಮನೆಯ ದನ ಬಿಟ್ಟುಹೋದರೂ ಊರಿಗೆ ಭಯ ತಪ್ಪಿದ್ದಲ್ಲ.

ಬಾಯಿಯಲ್ಲಿ ಹುಣ್ಣೆಬ್ಬಿಸಿ ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗವು ಲಸಿಕೆಯಿಂದಲೂ ಒಗ್ಗಟ್ಟಿನಿಂದಲೂ ಅಳಿದು, ೨೦೧೧ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಅಂತಹ ಮಾರಿಯೇ ತೊಲಗಿರುವಾಗ ಉಳಿದುವು ಅಸಾಧ್ಯವಲ್ಲ. ಮೂಕಪ್ರಾಣಿಯು ತನ್ನ ನೋವನ್ನು ಹೇಳಲಾರದು. ಪ್ರತಿದಿನ ಬೆಳಿಗ್ಗೆ ಗೋದಲಿಯಲ್ಲಿ ಉಳಿದ ಮೇವನ್ನು ಒಂದು ಸಲ ನೋಡುವ ಒಡೆಯನಿಗೆ ಮಾತ್ರ ಅದು ತಿಳಿಯುವುದು.