ತೀರ್ಥಹಳ್ಳಿಗೆ ಕೂಸಿನ ಮೊದಲ ಪಯಣ

ಪ್ರಶ್ನೆ: ಬಾಣಂತನಕ್ಕೆ ಬಂದವಳು ಇನ್ನೂ ಬಸವನಗುಡಿಯ ತವರಿನಲ್ಲೇ ಇದ್ದೇನೆ. ಮಗುವಿಗೆ ನಾಲ್ಕು ತಿಂಗಳು, ತೂಕ 6 ಕೆ.ಜಿ. ಎದೆಹಾಲು ಮಾತ್ರ ಕೊಡುತ್ತಿದ್ದೇನೆ. ಏಪ್ರಿಲ್‌ನಲ್ಲಿ ಕಾರಿನಲ್ಲಿ ಗಂಡನ ಊರು ತೀರ್ಥಹಳ್ಳಿಗೆ ಹೊರಟಿದ್ದೇವೆ. ಮಗುವಿಗೆ ಬೇರೆ ಸೀಟು ಬೇಕೇ? ಅತ್ತೆಯವರು ‘ತೊಡೆ ಮೇಲೆ ಮಲಗಿಸಿಕೊಂಡರೆ ಸಾಕು’ ಅನ್ನುತ್ತಾರೆ. ಅಳದೆ ನಿದ್ದೆ ಮಾಡಲೆಂದು ಶೀತದ ಸಿರಪ್ ಕೊಡಬಹುದೇ? ಬಿಸಿಲಿಗೆ ನೀರು ಕುಡಿಸಬೇಕೇ?
– ಹೆಸರು ಬೇಡ, ಬಸವನಗುಡಿ

ಉತ್ತರ: ಖಂಡಿತ ಹೋಗಿಬನ್ನಿ. 6, 10, 14ನೇ ವಾರದ ಲಸಿಕೆಗಳು ಆಗಿವೆಯೇ ಎಂದು ತಾಯಿ ಕಾರ್ಡ್ ನೋಡಿ, ಕಾರ್ಡನ್ನು ಜೊತೆಗೇ ಇಟ್ಟುಕೊಳ್ಳಿ.

ಸೀಟು ಬೇಕೇ ಬೇಕು. ಅತ್ತೆಯವರ ಅಕ್ಕರೆ ದೊಡ್ಡದು. ಆದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಡಿಕ್ಕಿ ಹೊಡೆದರೆ ಆ ಕ್ಷಣಕ್ಕೆ ಮಗುವಿನ ಭಾರ ಹತ್ತಾರು ಪಟ್ಟಾಗುತ್ತದೆ. ಎಷ್ಟೇ ಗಟ್ಟಿ ಕೈಯಾದರೂ ಹಿಡಿದುಕೊಳ್ಳಲಾರದು. ಸೀಟನ್ನು ಹಿಂದಿನ ಆಸನದಲ್ಲೇ ಬಿಗಿಯಬೇಕು, ಮಗುವಿನ ಮುಖ ಕಾರಿನ ಹಿಂದಿನ ಗಾಜಿನ ಕಡೆಗಿರಬೇಕು. ಈ ವಯಸ್ಸಿನಲ್ಲಿ ತಲೆ ಭಾರ, ಕುತ್ತಿಗೆ ಎಳಸು. ಹಾಗೆ ಕೂತರೆ ಏಟಿನ ಹೊಡೆತವನ್ನು ಬೆನ್ನಿನ ಉದ್ದಕ್ಕೂ ಸೀಟೇ ತಡೆಯುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಆಸನ ಮಾತ್ರ ಬೇಡವೇ ಬೇಡ. ಪಟ್ಟಿ ಮತ್ತು ಎದೆಯ ನಡುವೆ ಒಂದು ಬೆರಳಷ್ಟೇ ತೂರಬೇಕು. ದಪ್ಪ ಸ್ವೆಟರ್, ಶಾಲು ಪಟ್ಟಿಯ ಒಳಗಲ್ಲ, ಹಾಕಿದ ಮೇಲೆ ಹೊದಿಸಿ. ಗದ್ದ ಎದೆಗೆ ತಾಗದಂತೆ ಯಾರಾದರೂ ಪಕ್ಕದಲ್ಲಿ ಕೂತು ನೋಡುತ್ತಿರಲಿ. ಮಕ್ಕಳಿಗೆ ಸುರಕ್ಷಾ ವ್ಯವಸ್ಥೆ ಇಲ್ಲದಿದ್ದರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 1,000 ರೂಪಾಯಿ ದಂಡವೂ ಇದೆ.

ತೀರ್ಥಹಳ್ಳಿ ಸುಮಾರು 350 ಕಿ.ಮೀ. ನಸುಕಿನಲ್ಲೇ ಹೊರಟರೆ ಪೀಣ್ಯದ ದಟ್ಟಣೆಯೂ ಬಿಸಿಲೂ ತಪ್ಪುತ್ತವೆ. ತುಮಕೂರು, ತಿಪಟೂರು, ಕಡೂರು ಹೀಗೆ ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ, ಮಗುವನ್ನು ಸೀಟಿನಿಂದ ಎತ್ತಿ, ಹಾಲೂಡಿಸಿ, ತೇಗಿಸಿ. ಓಡುವ ಕಾರಿನಲ್ಲಿ ಹಾಲೂಡಿಸಬೇಡಿ. ಕಾಫಿಗೆಂದು ಇಳಿದಾಗ ಐದೇ ನಿಮಿಷವಾದರೂ ಮಗುವನ್ನು ಕಾರಿನಲ್ಲಿ ಬಿಡಬೇಡಿ.

ನೀರು ಬೇಡ, ಗ್ರೈಪ್ ವಾಟರ್ ಕೂಡ ಬೇಡ. ಆರು ತಿಂಗಳವರೆಗೆ ಬಿಸಿಲಿಗೂ ಎದೆಹಾಲೇ ಸಾಕು. ನೀವು ಮಾತ್ರ ಚೆನ್ನಾಗಿ ನೀರು ಕುಡಿಯಿರಿ. ನಿದ್ದೆಗೆಂದು ಸಿರಪ್ ಹಾಕುವುದು ಅಪಾಯ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇಂಥ ಕೆಲವು ಔಷಧಿಗಳು ಉಸಿರನ್ನೇ ಕುಂದಿಸಬಲ್ಲವು. ಅತ್ತರೆ ಅಳಲಿ, ಕಾರು ನಿಲ್ಲಿಸಿ ಎತ್ತಿಕೊಳ್ಳಿ.

ಊರಿಗೆ ಹೋದಮೇಲೆ ನೆಂಟರೆಲ್ಲ ಎತ್ತಿ ಮುದ್ದಾಡುತ್ತಾರೆ. ಕೈ ತೊಳೆದು ಎತ್ತಿಕೊಳ್ಳಲಿ; ಕೆಮ್ಮು, ನೆಗಡಿ ಇದ್ದವರು ದೂರದಿಂದಲೇ ಮಾತಾಡಿಸಲಿ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು. ಮಲೆನಾಡಿನಲ್ಲಿ ಬೇಸಿಗೆಯೆಂದರೆ ಉಣ್ಣೆಗಳ ಕಾಲವೂ ಹೌದು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಅವುಗಳಿಂದಲೇ ಹರಡುವುದು. ತರಗೆಲೆಯ ಮೇಲೆ ಮಗುವನ್ನು ಮಲಗಿಸಬೇಡಿ. ಕಾಡು, ತೋಟ ತಿರುಗಿ ಬಂದವರು ಬಟ್ಟೆ ಬದಲಿಸಿ, ಸ್ನಾನ ಮಾಡಿ ಎತ್ತಿಕೊಳ್ಳಲಿ.

ಜ್ವರ 100.4 ಡಿಗ್ರಿ ದಾಟಿದರೆ, ಹಾಲು ಬಿಟ್ಟರೆ, ಆರೇಳು ಗಂಟೆ ಮೂತ್ರ ಮಾಡದಿದ್ದರೆ ಬಸವನಗುಡಿಗೆ ಮರಳುವವರೆಗೆ ಕಾಯಬೇಡಿ, ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಗೇ ಕರೆದೊಯ್ಯಿರಿ. ದಾರಿಯಲ್ಲಾದರೆ 108ಕ್ಕೆ ಕರೆ ಮಾಡಿ.